ಬೇಕಲದಿಂದ ಪಿಲಿಕುಳದವರೆಗೆ: ಕರಾವಳಿ ಕಂಡ ಗ್ರಹಣಗಳು

ಹೊಸ ಪಂಚಾಂಗ ಕೈಗೆ ಬಂದೊಡನೆ ಸಂವತ್ಸರಫಲವನ್ನು ಓದಿ ಮುಗಿಸಿದ ಸದ್ಭಕ್ತರ ಕಣ್ಣು ಮೊದಲು ಹೋಗುವುದು ಆ ವರ್ಷದ ಗ್ರಹಣಗಳ ಕಡೆಗೆ. ಸ್ಪರ್ಶ ಎಷ್ಟು ಗಂಟೆಗೆ, ಮಧ್ಯಕಾಲ ಯಾವುದು, ಮೋಕ್ಷ ಯಾವಾಗ, ಯಾವ ರಾಶಿಯವರಿಗೆ ಶುಭ, ಯಾವ ನಕ್ಷತ್ರದವರು ಶಾಂತಿ ಮಾಡಿಸಿಕೊಳ್ಳತಕ್ಕದ್ದು ಎಂಬಿವಿಷ್ಟೂ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ, ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಒಂದೇ ಪುಟದಲ್ಲಿ ಇರುವುದರಿಂದಲೇ ಇವೆಲ್ಲ ಒಂದೇ ಬಗೆಯ ಜ್ಞಾನವೆಂದು ನಾವು ಭಾವಿಸಿಬಿಡುತ್ತೇವೆ. ವಾಚಕರು ಅವಧಾನವಿಟ್ಟು ನೋಡಬೇಕು: ಸ್ಪರ್ಶಮೋಕ್ಷಗಳನ್ನು ಹೇಳುವ ಸಾಲು ಗಣಿತದ್ದು; ಶುಭಾಶುಭಗಳನ್ನು ಹೇಳುವ ಸಾಲು ಫಲಭಾಗದ್ದು. ಮೊದಲನೆಯದನ್ನು ಗಡಿಯಾರ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಎರಡನೆಯದನ್ನು ಪರೀಕ್ಷಿಸುವ ಧೈರ್ಯ ಬಹಳ ಜನಕ್ಕೆ ಬರುವುದಿಲ್ಲ. ನಮ್ಮ ಮಂಗಳೂರು ಮತ್ತು ಅದರ ಆಸುಪಾಸಿನ ಕರಾವಳಿಯಲ್ಲಿ ಈ ಎರಡು ಸಾಲುಗಳಿಗೂ ಪರೀಕ್ಷೆ ಒದಗಿದ ಸಂದರ್ಭಗಳು ಉಂಟು. ಅವುಗಳನ್ನು ಭಕ್ತರ ಮುಂದಿರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಫಲಭಾಗವನ್ನು ನೋಡೋಣ. ಸಮುದ್ರಮಥನದ ಕಥೆ ಎಲ್ಲರಿಗೂ ತಿಳಿದದ್ದೇ. ದೇವತೆಗಳ ಪಂಕ್ತಿಯಲ್ಲಿ ಕುಳಿತು ಅಮೃತವನ್ನುಂಡ ಸ್ವರ್ಭಾನುವನ್ನು ಸೂರ್ಯಚಂದ್ರರು ತೋರಿಸಿಕೊಟ್ಟರು. ವಿಷ್ಣುಚಕ್ರದಿಂದ ಅವನ ಶಿರಸ್ಸು ರಾಹುವಾಗಿ, ಮುಂಡ ಕೇತುವಾಗಿ ಉಳಿಯಿತು. ಅಂದಿನ ಹಗೆಯೇ ಗ್ರಹಣ. ಸ್ವರ್ಭಾನುವಿನ ಹೆಸರು ಪುರಾಣಕ್ಕಿಂತಲೂ ಬಹು ಹಳೆಯದು. ಅವನು ಕತ್ತಲೆಯಿಂದ ಮರೆಮಾಡಿದ ಸೂರ್ಯನನ್ನು ಅತ್ರಿ ಮಹರ್ಷಿಯು ಮರಳಿ ಕಂಡನೆಂಬ ಪ್ರಸ್ತಾಪ ಋಗ್ವೇದದಲ್ಲಿಯೇ ಬರುತ್ತದೆ. ಜ್ಯೋತಿಷಿಗಳು ರಾಹುಕೇತುಗಳನ್ನು ಛಾಯಾಗ್ರಹಗಳೆಂದು ಎಣಿಸಿ ನವಗ್ರಹಗಳಲ್ಲಿ ಸ್ಥಾನ ಕೊಟ್ಟರು. ಗ್ರಹಣ ನಡೆಯುವ ರಾಶಿಯು ಜನ್ಮರಾಶಿಯಿಂದ ಮೂರು, ಆರು, ಹತ್ತು, ಹನ್ನೊಂದನೆಯದಾದರೆ ಶುಭ. ಎರಡು, ಐದು, ಏಳು, ಒಂಬತ್ತನೆಯದಾದರೆ ಮಿಶ್ರಫಲ. ಜನ್ಮರಾಶಿಯೇ ಆದರೆ, ಇಲ್ಲವೆ ನಾಲ್ಕು, ಎಂಟು, ಹನ್ನೆರಡನೆಯದಾದರೆ ಅಶುಭ. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಚಂದ್ರಗ್ರಹಣಕ್ಕೆ ಮೂರು ಯಾಮ ಮೊದಲಿನಿಂದ ವೇಧೆ. ಆಗ ಭೋಜನ ನಿಷಿದ್ಧ. ಭಾನುವಾರದ ಸೂರ್ಯಗ್ರಹಣ, ಸೋಮವಾರದ ಚಂದ್ರಗ್ರಹಣಗಳಿಗೆ ಚೂಡಾಮಣಿಯೆಂದು ಹೆಸರು. ಆ ದಿನದ ಸ್ನಾನದಾನಗಳಿಗೆ ವಿಶೇಷ ಪುಣ್ಯ. ನೀರಿನ ಕೊಡಕ್ಕೂ ಉಪ್ಪಿನಕಾಯಿಯ ಭರಣಿಗೂ ದರ್ಭೆ ಹಾಕುವ ಪದ್ಧತಿಯನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಬಿಟ್ಟಿಲ್ಲ.

ಈ ಫಲಗಳನ್ನು ಶಾಸ್ತ್ರವಾಗಿ ವಿಸ್ತರಿಸಿದವರಲ್ಲಿ ಅಗ್ರಗಣ್ಯನಾದ ವರಾಹಮಿಹಿರನೇ ತನ್ನ ಬೃಹತ್ಸಂಹಿತೆಯ ರಾಹುಚಾರಾಧ್ಯಾಯದಲ್ಲಿ ಚಂದ್ರಗ್ರಹಣಕ್ಕೆ ಭೂಮಿಯ ನೆರಳೂ ಸೂರ್ಯಗ್ರಹಣಕ್ಕೆ ಅಡ್ಡಬರುವ ಚಂದ್ರನೂ ಕಾರಣವೆಂದು ಸ್ಪಷ್ಟವಾಗಿ ಬರೆದಿದ್ದಾನೆಂಬುದು ಅನೇಕರಿಗೆ ತಿಳಿಯದು. ಅವನಿಗಿಂತ ಮೊದಲು, ಕ್ರಿ. ಶ. ೪೯೯ರಲ್ಲಿ, ಆರ್ಯಭಟನು ಇದನ್ನೇ ಹೇಳಿ ನೆರಳಿನ ಉದ್ದವನ್ನು ಲೆಕ್ಕ ಹಾಕುವ ವಿಧಾನವನ್ನೂ ಕೊಟ್ಟಿದ್ದನು. ಹಾಗಾದರೆ ಸಿದ್ಧಾಂತಿಗಳ ರಾಹು ಯಾರು? ಚಂದ್ರನ ಪಥವು ಸೂರ್ಯನ ಪಥವನ್ನು ಎರಡು ಕಡೆ ದಾಟುತ್ತದೆ. ಆ ಎರಡು ಪಾತಬಿಂದುಗಳೇ ರಾಹುಕೇತುಗಳು. ಈ ಬಿಂದುಗಳು ಹಿಮ್ಮುಖವಾಗಿ ಸರಿಯುತ್ತವೆ. ೪೩,೨೦,೦೦೦ ವರ್ಷಗಳ ಒಂದು ಮಹಾಯುಗದಲ್ಲಿ ಅವು ೨,೩೨,೨೩೮ ಸುತ್ತು ತಿರುಗುತ್ತವೆಂದು ಸೂರ್ಯಸಿದ್ಧಾಂತ ಹೇಳುತ್ತದೆ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ ಸುಮಾರು ೧೮.೬ ವರ್ಷ, ಇಂದಿನ ಖಗೋಳವಿಜ್ಞಾನವೂ ಇದನ್ನೇ ಹೇಳುತ್ತದೆ. ದೂರದರ್ಶಕವಿಲ್ಲದ ಕಾಲದಲ್ಲಿ ತಲೆಮಾರುಗಳವರೆಗೆ ಆಕಾಶವನ್ನು ನೋಡಿದವರ ತಪಸ್ಸು ಇದು. ಅಮಾವಾಸ್ಯೆಯೂ ಪಾತಬಿಂದುವೂ ಕೂಡಿಬಂದರೆ ಸೂರ್ಯಗ್ರಹಣ, ಹುಣ್ಣಿಮೆಯೂ ಪಾತಬಿಂದುವೂ ಕೂಡಿಬಂದರೆ ಚಂದ್ರಗ್ರಹಣ. ಇದರಲ್ಲಿ ಹಗೆಯೂ ಇಲ್ಲ, ನುಂಗುವವನೂ ಇಲ್ಲ. ಆದರೂ ವರಾಹಮಿಹಿರನು ಅದೇ ಅಧ್ಯಾಯದಲ್ಲಿ ಯಾವ ಮಾಸದ ಗ್ರಹಣದಿಂದ ಯಾವ ದೇಶಕ್ಕೆ ಕೇಡೆಂಬುದನ್ನೂ ಪಟ್ಟಿ ಮಾಡಿದ್ದಾನೆ. ಗಣಿತಕ್ಕೆ ಗಣಿತದ ಸ್ಥಾನ, ಲೋಕರೂಢಿಗೆ ಲೋಕರೂಢಿಯ ಸ್ಥಾನ ಎಂದು ಅವನು ಬಗೆದಂತಿದೆ. ಈ ರಾಜಿಯ ಬೆಲೆಯನ್ನು ಮುಂದಿನ ಪೀಳಿಗೆಗಳು ತೆತ್ತವು.

ಕನ್ನಡ ನಾಡಿನ ಶಾಸನಗಳಿಗೆ ಬಂದರೆ ಗ್ರಹಣದ ಇನ್ನೊಂದು ಮುಖ ಕಾಣಿಸುತ್ತದೆ. ಅಲ್ಲಿ ಗ್ರಹಣವೆಂದರೆ ದಾನದ ದಿನ. ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಮಣ, ವ್ಯತೀಪಾತಗಳ ನಿಮಿತ್ತವಾಗಿ ಅರಸರೂ ಹೆಗ್ಗಡೆಗಳೂ ಮಠದ ಸ್ಥಾನಾಚಾರ್ಯರ ಕಾಲಂ ಕರ್ಚಿ, ಧಾರಾಪೂರ್ವಕವಾಗಿ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖಗಳಿಗೆ ಲೆಕ್ಕವಿಲ್ಲ. ಇಮ್ಮಡಿ ಪುಲಕೇಶಿಯ ಒಂದು ತಾಮ್ರಶಾಸನವು ಶಕ ೫೩೪ರ ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣದಂದು, ಅವನ ಆಳಿಕೆಯ ಮೂರನೆಯ ವರ್ಷದಲ್ಲಿ ಹುಟ್ಟಿದ್ದು. ಆ ಮಹಾರಾಜನು ಪಟ್ಟವೇರಿದ ಕಾಲವನ್ನು ಕ್ರಿ. ಶ. ೬೧೦ರ ಸುಮಾರಿಗೆ ನಿಗದಿಪಡಿಸಲು ವಿದ್ವಾಂಸರಿಗೆ ಅದು ಒಂದು ಮುಖ್ಯ ಆಧಾರವಾಯಿತು. ಪಟ್ಟದಕಲ್ಲಿನ ತ್ರಿಶೂಲಾಂಕಿತ ಸ್ತಂಭದ ವಿಚಾರವಂತೂ ಶಿವಭಕ್ತರು ಅರಿತಿರಬೇಕಾದದ್ದು. ಗಂಗಾತೀರದ ಕಡೆಯಿಂದ ಬಂದ ಜ್ಞಾನಶಿವಾಚಾರ್ಯರು ನಿಲ್ಲಿಸಿದ ಆ ಸ್ತಂಭದಲ್ಲಿ ಒಂದೇ ವಿಷಯವನ್ನು ಉತ್ತರದ ಲಿಪಿಯಲ್ಲಿಯೂ ಕನ್ನಡ ಲಿಪಿಯಲ್ಲಿಯೂ ಬರೆಯಲಾಗಿದೆ. ಅದರಲ್ಲಿ ಶ್ರಾವಣದ ಅಮಾವಾಸ್ಯೆಯಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ಉಲ್ಲೇಖವಿದೆ. ಶಾಸನತಜ್ಞ ಫ್ಲೀಟ್ ಇದನ್ನು ಕ್ರಿ. ಶ. ೭೫೪ನೆಯ ಜೂನ್ ೨೫ಕ್ಕೆ ಸರಿಹೊಂದಿಸಿದನು. ನಮ್ಮ ದಕ್ಷಿಣದ ಎಣಿಕೆಯಲ್ಲಿ ಅದು ಆಷಾಢದ ಅಮಾವಾಸ್ಯೆ. ಹುಣ್ಣಿಮೆಗೆ ಮಾಸ ಮುಗಿಸುವ ಉತ್ತರದ ಎಣಿಕೆಯಲ್ಲಿ ಮಾತ್ರ ಶ್ರಾವಣ. ಬಾದಾಮಿ ಚಾಳುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ ಈ ಕಂಬಕ್ಕೆ ಕಾಲವನ್ನು ಕೊಟ್ಟದ್ದು ಅಂದು ಬಿದ್ದ ಚಂದ್ರನ ನೆರಳು.

ನೆರಳು ಸತ್ಯವನ್ನು ಮಾತ್ರವಲ್ಲ, ಸುಳ್ಳನ್ನೂ ಬಯಲಿಗೆಳೆದದ್ದುಂಟು. ಮಲೆನಾಡಿನ ಗೌಜ ಅಗ್ರಹಾರದ ತಾಮ್ರಪಟವೊಂದು ತನ್ನನ್ನು ಪರೀಕ್ಷಿತನ ಮಗ ಜನಮೇಜಯನು ಸರ್ಪಯಾಗದ ಕಾಲದಲ್ಲಿ ಕೊಟ್ಟ ದಾನಪತ್ರವೆಂದು ಹೇಳಿಕೊಳ್ಳುತ್ತದೆ. ಅದರಲ್ಲಿ ಸೂರ್ಯಗ್ರಹಣವೊಂದರ ವಿವರವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜಜ್ಯೋತಿರ್ವಿದನಾಗಿದ್ದ ಏರಿಯು ಲೆಕ್ಕ ಹಾಕಿದಾಗ ಆ ವಿವರಗಳಿಗೆ ಹೊಂದಿದ ಗ್ರಹಣವು ೧೫೨೧ನೆಯ ಏಪ್ರಿಲ್ ೭ರದಾಗಿ ಕಂಡಿತು. ದ್ವಾಪರದ ಅಂಚಿನ ಶಾಸನವು ವಿಜಯನಗರದ ಕಾಲಕ್ಕೆ ಇಳಿಯಿತು! ಅಗ್ರಹಾರದ ಹಕ್ಕನ್ನು ಪುರಾತನವೆಂದು ತೋರಿಸಲು ರಾಜನ ಹೆಸರನ್ನು ಕಲ್ಪಿಸಿದ ಬರಹಗಾರನು ಗ್ರಹಣವನ್ನು ಮಾತ್ರ ತನ್ನ ಕಾಲದ್ದನ್ನೇ ಬರೆದಿರಬೇಕು.

ಗ್ರಹಣದಾನಗಳಲ್ಲಿ ಒಂದನ್ನು ಮಠದ ಹಳೆಯ ವಿದ್ಯಾರ್ಥಿಗಳು ವಿಶೇಷವಾಗಿ ನೆನೆಯಬೇಕು. ಸೇವುಣರ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ ಚಂಗದೇವನು ಭಾಸ್ಕರಾಚಾರ್ಯನ ಮೊಮ್ಮಗ. ಅವನು ತನ್ನ ತಾತನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಅಧ್ಯಯನಕ್ಕಾಗಿಯೇ ಖಾನದೇಶದ ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ಆ ಮಠಕ್ಕೆ ನಿಕುಂಭ ವಂಶದ ಸೋಯಿದೇವನು ದತ್ತಿ ಬಿಟ್ಟದ್ದು ೧೨೦೭ನೆಯ ಶ್ರಾವಣ ಹುಣ್ಣಿಮೆಯ ಚಂದ್ರಗ್ರಹಣದಂದು. ಗ್ರಹಣಗಣಿತವನ್ನು ಕಲಿಸುವ ಮಠಕ್ಕೆ ಗ್ರಹಣದ ದಿನವೇ ದಾನ! ಇದಕ್ಕಿಂತ ಯೋಗ್ಯವಾದ ಗ್ರಹಣಶಾಂತಿ ಬೇರೊಂದಿದೆಯೆಂದು ನಮಗೆ ತೋರುವುದಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ೧೮೬೮ನೆಯ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣದ ನೆರಳು ವಿಜಯಾಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನತ್ತ ಹೋಯಿತು. ಸೂರ್ಯನ ಅಂಚಿನ ಬೆಳಕನ್ನು ರೋಹಿತದರ್ಶಕದಿಂದ ಬಿಡಿಸಿ ನೋಡಿದ ಮೊದಲ ಮಹಾಗ್ರಹಣ ಅದು. ಜಮಖಂಡಿಯಲ್ಲಿ ಪ್ರಸಿದ್ಧ ಹರ್ಷಲ್ ಮನೆತನದ ಲೆಫ್ಟೆನೆಂಟ್ ಜಾನ್ ಹರ್ಷಲನು ಉಪಕರಣಗಳೊಡನೆ ಕಾದಿದ್ದನು. ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಶೋಧದ ಕಥೆ ಆ ವರ್ಷದ ಅವಲೋಕನಗಳಿಂದಲೇ ಆರಂಭವಾಗುತ್ತದೆ. ಅದರಲ್ಲಿ ಮುಖ್ಯ ಪಾತ್ರ ವಹಿಸಿದ ಇಂಗ್ಲೆಂಡಿನ ನಾರ್ಮನ್ ಲಾಕಿಯರನು ಮೂರು ವರ್ಷಗಳ ಬಳಿಕ ತಾನೇ ತಂಡ ಕಟ್ಟಿಕೊಂಡು, ಸಿಂಹಳದ ಮಾರ್ಗವಾಗಿ ಹಡಗಿನಲ್ಲಿ ಬಂದು ಇಳಿದದ್ದು ಬೇಕಲದಲ್ಲಿ.

ಬೇಕಲದ ಕೋಟೆಯು ಕೆಳದಿಯ ಶಿವಪ್ಪ ನಾಯಕನ ಹೆಸರಿನೊಡನೆ ಹೊಂದಿಕೊಂಡದ್ದು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಲಿಂಗಧಾರಿಯಾದ ಆ ಅರಸನು ಕಡಲಿನೊಳಕ್ಕೆ ಚಾಚಿದ ಜಂಬಿಟ್ಟಿಗೆಯ ದಿಣ್ಣೆಯ ಮೇಲೆ ಅದನ್ನು ಕಟ್ಟಿಸಿದನು. ೧೮೭೧ರಲ್ಲಿ ಬೇಕಲವೂ ಕಾಸರಗೋಡೂ ಮಂಗಳೂರೇ ಮುಖ್ಯಪಟ್ಟಣವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದವು. ಆ ವರ್ಷದ ಡಿಸೆಂಬರ್ ೧೨, ಮಂಗಳವಾರ, ಪ್ರಜೋತ್ಪತ್ತಿ ಸಂವತ್ಸರದ ಕಾರ್ತಿಕ ಅಮಾವಾಸ್ಯೆ. ಬೆಳಗಿನ ಹೊತ್ತು, ಮೋಡವಿಲ್ಲದ ಆಕಾಶ. ಲಾಕಿಯರನ ತಂಡದ ದೂರದರ್ಶಕಗಳೂ ಛಾಯಾಚಿತ್ರದ ಪೆಟ್ಟಿಗೆಗಳೂ ಸಜ್ಜಾಗಿದ್ದವು. ಅದೇ ಸಮಯಕ್ಕೆ ಊರ ಜನರು ರಾಹುವನ್ನು ಬೆದರಿಸಿ ಓಡಿಸಲೆಂದು ಬೆಂಕಿ ಹಚ್ಚಿದರು. ಹೊಗೆಯು ಸೂರ್ಯನನ್ನೇ ಮರೆಮಾಡೀತೆಂಬ ಭಯದಿಂದ ಪೊಲೀಸರು ಆ ಬೆಂಕಿಯನ್ನು ನಂದಿಸಿದರೆಂದು ಲಾಕಿಯರನು ಬರೆದಿದ್ದಾನೆ. ವಾಚಕರೇ, ಆ ಎರಡು ಗುಂಪುಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಒಂದು ಗುಂಪು ಆ ಎರಡು ನಿಮಿಷದ ಕತ್ತಲೆಗಾಗಿ ಸಾವಿರಾರು ಮೈಲಿ ಕಡಲು ದಾಟಿ ಬಂದಿದೆ. ಇನ್ನೊಂದು ಗುಂಪು ಅದೇ ಕತ್ತಲೆ ಬೇಗ ತೊಲಗಲೆಂದು ಬೆಂಕಿಯಿಟ್ಟು ಪ್ರಾರ್ಥಿಸುತ್ತಿದೆ. ಊರವರನ್ನು ನಾವು ನಗಲಾರೆವು; ಬೆಳಗು ಮುಗಿಯುವ ಮೊದಲೇ ಕತ್ತಲಾದರೆ ಸೂರ್ಯನಿಗೆ ನೆರವಾಗಬೇಕೆಂಬ ಆಸೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅಂದಿನ ಸ್ಪರ್ಶಮೋಕ್ಷಗಳನ್ನು ಮೊದಲೇ ಗುಣಿಸಬಲ್ಲ ಜೋಯಿಸರು ಇದೇ ಜಿಲ್ಲೆಯಲ್ಲಿ ಇದ್ದರು. ಆ ಗಣಿತ ಊರವರವರೆಗೆ ತಲುಪಿರಲಿಲ್ಲ, ತಲುಪಿದ್ದು ಫಲದ ಸಾಲು ಮಾತ್ರ.

ಬೇಕಲದಲ್ಲಿ ತೆಗೆದ ಚಿತ್ರಗಳನ್ನು ಅದೇ ದಿನ ಉದಕಮಂಡಲದ ದೊಡ್ಡಬೆಟ್ಟದಲ್ಲಿ ತೆಗೆದ ಚಿತ್ರಗಳೊಡನೆ ಹೋಲಿಸಿದಾಗ ಸೂರ್ಯನ ಸುತ್ತಲಿನ ಬೆಳ್ಳಿಯ ಪ್ರಭಾವಲಯ ಎರಡರಲ್ಲಿಯೂ ಒಂದೇ ಆಕಾರದಲ್ಲಿತ್ತು. ಆ ಪ್ರಭೆ ಭೂಮಿಯ ಗಾಳಿಯಲ್ಲಿ ಹುಟ್ಟಿದ ಭ್ರಮೆಯಲ್ಲ, ಸೂರ್ಯನದೇ ಎಂಬುದು ಇದರಿಂದ ದೃಢಪಟ್ಟಿತು. ಶಿವಪ್ಪ ನಾಯಕನ ಕೋಟೆಯ ನೆಲದಲ್ಲಿ ಸೂರ್ಯವಿಜ್ಞಾನದ ಒಂದು ವಿವಾದ ಇತ್ಯರ್ಥವಾಯಿತೆಂಬ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಏಕೆ ಸೇರಲಿಲ್ಲವೋ ತಿಳಿಯದು.

ಆ ನೆರಳು ಅಲ್ಲಿಗೇ ಮುಗಿಯಲಿಲ್ಲ. ಗ್ರಹಣಗಳಿಗೂ ಕುಲಗೋತ್ರಗಳುಂಟು. ಒಂದು ಗ್ರಹಣವು ೨೨೩ ಚಾಂದ್ರಮಾಸಗಳ ಬಳಿಕ, ಎಂದರೆ ೧೮ ವರ್ಷ ೧೧ ದಿನ ೮ ಗಂಟೆಗಳ ಬಳಿಕ, ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರಳುತ್ತದೆ. ಬಾಬಿಲೋನಿನ ಪ್ರಾಚೀನರಿಗೂ ಈ ಚಕ್ರ ತಿಳಿದಿತ್ತು. ಆ ಎಂಟು ಗಂಟೆಯ ಹೆಚ್ಚಳದಿಂದ ನೆರಳು ಪ್ರತಿಸಲ ಭೂಮಿಯ ಮೂರನೆಯ ಒಂದು ಭಾಗದಷ್ಟು ಪಡುವಣಕ್ಕೆ ಸರಿಯುತ್ತದೆ. ಮೂರು ಸಲ ಮರಳಿದ ಮೇಲೆ, ಸುಮಾರು ೫೪ ವರ್ಷಗಳಿಗೆ, ಮೊದಲಿನ ಸೀಮೆಯ ಕಡೆಗ ಬರುತ್ತದೆ. ಬೇಕಲದ ಗ್ರಹಣ ಹೀಗೆ ಐದನೆಯ ಸಲ ಮರಳಿದ್ದು ೧೯೬೨ನೆಯ ಫೆಬ್ರವರಿ ೫ರಂದು. ಆ ದಿನವನ್ನು ಹಿರಿಯ ವಾಚಕರು ಮರೆತಿರಲಾರರು. ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಂಬ ಎಂಟು ಗ್ರಹಗಳು ಮಕರರಾಶಿಯಲ್ಲಿ ಕೂಡಿದ ಅಷ್ಟಗ್ರಹಕೂಟ ಅದೇ. ಪ್ರಳಯವಾಗುವುದೆಂಬ ಮಾತು ದೇಶವನ್ನೆಲ್ಲ ವ್ಯಾಪಿಸಿತು. ಊರೂರುಗಳಲ್ಲಿ ಹೋಮಗಳು ನಡೆದವು. ತುಪ್ಪವು ಅಗ್ನಿಗೆ ಸುರಿಯಿತು. ಅಂದಿನ ಖಗ್ರಾಸ ಗ್ರಹಣವಾದರೋ ನ್ಯೂಗಿನಿಯ ಕಡೆ, ಶಾಂತಸಾಗರದ ಮೇಲೆ ನಡೆಯಿತು. ಕನ್ನಡ ನಾಡಿಗೆ ಅದು ಕಾಣಿಸಲೇ ಇಲ್ಲ. ಮರುದಿನ ಸೂರ್ಯನು ಎಂದಿನಂತೆ ಉದಯಿಸಿದನು. ನೆರಳೇ ಬೀಳದಿದ್ದರೂ ಜನ ನಡುಗಿದ ಪ್ರಸಂಗ ಇದು.

ಅದೇ ಗ್ರಹಣವು ಮತ್ತೆ ೧೮ ವರ್ಷ ೧೧ ದಿನ ಕಳೆದು, ೧೯೮೦ನೆಯ ಫೆಬ್ರವರಿ ೧೬ರಂದು, ಶಿವರಾತ್ರಿಯ ಬೆನ್ನಿಗೇ ಬಂದ ಮಾಘ ಅಮಾವಾಸ್ಯೆಯ ಅಪರಾಹ್ಣದಲ್ಲಿ, ನಮ್ಮ ಕರಾವಳಿಗೇ ಹಿಂದಿರುಗಿತು. ಈ ಸಲ ನೆರಳು ಕಾರವಾರ, ಅಂಕೋಲೆಗಳ ಬಳಿ ದಡವನ್ನೇರಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಸೀಮೆಯನ್ನು ಹಾದು ಒಡಿಶಾದ ಕಡಲನ್ನು ಸೇರಿತು. ಬೇಕಲದಿಂದ ಅಂಕೋಲೆಗೆ ಬರಲು ಅದು ತೆಗೆದುಕೊಂಡದ್ದು ೧೦೮ ವರ್ಷ ೬೬ ದಿನ. ಜಪಮಾಲೆಯ ಸಂಖ್ಯೆ ಬಂದಿತೆಂದು ಯಾರೂ ಇದರಲ್ಲಿ ಗೂಢಾರ್ಥವನ್ನು ಹುಡುಕಬೇಕಾಗಿಲ್ಲ. ಹದಿನೆಂಟನ್ನು ಆರರಿಂದ ಗುಣಿಸಿದರೆ ಅಷ್ಟೇ ಆಗುತ್ತದೆ. ಈ ಸಲ ಮಂಗಳೂರಿಗೆ ಬಹುಪಾಲು ಮುಚ್ಚಿದ ಸೂರ್ಯನ ದರ್ಶನವಷ್ಟೇ ಲಭ್ಯವಾಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಬೇಕಲದಲ್ಲಿ ಪರದೇಶದವರು ಮಾಡಿದ ಕೆಲಸವನ್ನು ಇಲ್ಲಿ ನಮ್ಮವರೇ ಮಾಡಿದರು. ಅದೇ ಹೊತ್ತಿನಲ್ಲಿ ದೇಶದ ಅನೇಕ ನಗರಗಳ ಬೀದಿಗಳು ಕರ್ಫ್ಯೂ ಹಾಕಿದಂತೆ ನಿರ್ಜನವಾಗಿದ್ದವು.

ಗಣಿತವೂ ಎಲ್ಲ ಕಾಲಕ್ಕೆ ತಾನೇ ತಾನಾಗಿ ಸರಿಯಾಗಿರುವುದಿಲ್ಲ, ಅದನ್ನು ತಿದ್ದುತ್ತಿರಬೇಕು ಎಂಬುದನ್ನು ಇಲ್ಲಿ ಸೇರಿಸಬೇಕು. ಹಳೆಯ ಕರಣಗ್ರಂಥಗಳಿಂದ ಗುಣಿಸಿದ ಗ್ರಹಣಕಾಲ ಕಣ್ಣಿಗೆ ಕಂಡದ್ದಕ್ಕೆ ಹೊಂದದೆ ಹೋದಾಗ ಪಂಚಾಂಗಕರ್ತರು ಮುಜುಗರಕ್ಕೊಳಗಾದರು. ತಿಥಿ ಒಂದೆರಡು ಗಳಿಗೆ ತಪ್ಪಿದರೆ ಯಾರಿಗೂ ತಿಳಿಯದು. ಗ್ರಹಣ ತಪ್ಪಿದರೆ ದನ ಕಾಯುವ ಹುಡುಗನಿಗೂ ತಿಳಿಯುತ್ತದೆ. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು (೧೮೫೪-೧೯೩೦) ಜ್ಯೋತಿರ್ಗಣಿತ ಮೊದಲಾದ ಗ್ರಂಥಗಳಿಂದ ಪಂಚಾಂಗವನ್ನು ಕಣ್ಣಿಗೆ ಕಾಣುವ ಆಕಾಶಕ್ಕೆ ಸರಿಹೊಂದಿಸಲು ಜೀವಮಾನವನ್ನೇ ಸವೆಸಿದರು. ಶಾಸ್ತ್ರವನ್ನು ತಿದ್ದಿದರೆ ಶಾಸ್ತ್ರಕ್ಕೆ ಅಪಚಾರವೆಂದು ಅವರು ಭಾವಿಸಲಿಲ್ಲ. ಫಲಭಾಗವನ್ನು ತಿದ್ದಲು ಅಂಥ ಕೇತಕರರೊಬ್ಬರು ಇನ್ನೂ ಬರಲಿಲ್ಲ.

ಕಡೆಗೆ ಮಂಗಳೂರಿನ ಸರದಿ ಬಂದದ್ದು ೨೦೧೯ನೆಯ ಡಿಸೆಂಬರ್ ೨೬, ವಿಕಾರಿ ಸಂವತ್ಸರದ ಮಾರ್ಗಶಿರ ಅಮಾವಾಸ್ಯೆಯಂದು. ಇದು ಬೇಕಲದ ಕುಲದ್ದಲ್ಲ, ಬೇರೆ ಕುಲದ್ದು. ಖಗ್ರಾಸವಲ್ಲ, ಕಂಕಣಗ್ರಹಣ. ಎಂಟು ಗಂಟೆಯ ಬಳಿಕ ಸ್ಪರ್ಶವಾಗಿ, ಒಂಬತ್ತೂಕಾಲು ಕಳೆಯುತ್ತಲೇ ಸೂರ್ಯನು ಚಂದ್ರನ ಕಪ್ಪು ಬಿಂಬದ ಸುತ್ತ ಉರಿಯುವ ಬಳೆಯಾಗಿ ತೋರಿ, ಹನ್ನೊಂದರ ಹೊತ್ತಿಗೆ ಮೋಕ್ಷವಾಯಿತು. ಪಂಚಾಂಗದ ಲೆಕ್ಕವೂ ಖಗೋಳಜ್ಞರ ಲೆಕ್ಕವೂ ಒಂದೇ ಆಗಿದ್ದವು. ಪಿಲಿಕುಳದಲ್ಲಿ ೨೦೧೮ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯದ ಆವರಣದಲ್ಲಿ ಮಕ್ಕಳು ರಕ್ಷಣೆಯ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ದೃಷ್ಟಿಗೆ ಶಾಶ್ವತ ಹಾನಿಯಾಗುತ್ತದೆ. ಗ್ರಹಣಕಾಲದಲ್ಲಿ ಭಯಪಡಬೇಕಾದ ನಿಜವಾದ ದೋಷ ಇದೊಂದೇ. ಅದೇ ಬೆಳಗ್ಗೆ ನಗರದ ಎಷ್ಟೋ ಮನೆಗಳ ಕಿಟಕಿಗಳು ಮುಚ್ಚಿದ್ದವು. ಸೂರ್ಯ, ಚಂದ್ರ, ಬುಧ, ಗುರು, ಶನಿ, ಕೇತು ಆರೂ ಧನುರಾಶಿಯಲ್ಲಿ ಕೂಡಿದ್ದುದರಿಂದ ೧೯೬೨ರ ಮಾತುಗಳೇ ಮತ್ತೆ ಕೇಳಿಬಂದವು.

ಅದೇ ದಿನ ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗ್ರಹಣ ಮುಗಿಯುವವರೆಗೆ ಕುತ್ತಿಗೆಯವರೆಗೂ ತಿಪ್ಪೆಗುಂಡಿಯಲ್ಲಿ ಹೂಳಲಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಹಾಗೆ ಮಾಡಿದರೆ ಅಂಗದೋಷ ನೀಗುವುದೆಂದು ಯಾರೋ ಹೇಳಿದ್ದರು. ಆ ತಾಯಿತಂದೆಗಳಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ಹೇಳಲಾಗದು. ವೈದ್ಯರ ಬಾಗಿಲುಗಳನ್ನು ಬಡಿದು ಸೋತವರೇ ಇಂಥ ಗುಂಡಿಯ ಬಳಿಗೆ ಬರುತ್ತಾರೆ. ಆದರೆ ಅತ್ತು ಕರೆಯುತ್ತಿದ್ದ ಆ ಕೂಸುಗಳ ಚಿತ್ರವನ್ನು ನೋಡಿದ ಮೇಲೂ ಗ್ರಹಣದ ಫಲಭಾಗವನ್ನು ನಿರುಪದ್ರವಿಯಾದ ಆಚಾರವೆಂದು ಹೇಳಿ ಸುಮ್ಮನಿರುವುದು ನಮಗೆ ಸಾಧ್ಯವಾಗಲಿಲ್ಲ. ಕಲ್ಯಾಣದ ನೆಲಕ್ಕೆ ಆ ಊರು ಬಹು ದೂರವಿಲ್ಲ.

ಕಲ್ಯಾಣದ ಶರಣರು ಈ ವಿಷಯದಲ್ಲಿ ಸಂದಿಗ್ಧವನ್ನು ಉಳಿಸಿಲ್ಲ. ಶುಭಲಗ್ನವನ್ನೂ ತಾರಾಬಲ ಚಂದ್ರಬಲಗಳನ್ನೂ ಕೇಳಬಂದವರಿಗೆ ಏನು ಹೇಳಬೇಕೆಂಬುದನ್ನು ಬಸವಣ್ಣನವರು ತಿಳಿಸಿದ್ದಾರೆ. ಕೂಡಲಸಂಗನ ಪೂಜೆಗೆ ಒದಗುವ ದಿನವೇ ಅವರಿಗೆ ಒಳ್ಳೆಯ ದಿನ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂಬುದು ನಮ್ಮ ಆಚಾರದ ಅಡಿಗಲ್ಲು. ಮನೆಯಲ್ಲಿ ಸಾವು ಸಂಭವಿಸಿದರೂ ನಿಲ್ಲದ ಇಷ್ಟಲಿಂಗಪೂಜೆಯು ಚಂದ್ರನ ನೆರಳಿಗೆ ನಿಲ್ಲಬೇಕೆ? ಹೀಗಿದ್ದರೂ ಗ್ರಹಣದ ದಿನ ಕರಡಿಗೆಯನ್ನು ತೆರೆಯಲು ಅಂಜುವವರು, ಬಸುರಿ ಸೊಸೆಯನ್ನು ಅನ್ನನೀರಿಲ್ಲದೆ ಕತ್ತಲೆಕೋಣೆಯಲ್ಲಿ ಕೂರಿಸುವವರು ನಮ್ಮ ಭಕ್ತರ ಮನೆಗಳಲ್ಲಿಯೂ ಇದ್ದಾರೆ. ಹಸಿದ ಗರ್ಭಿಣಿಗೆ ಊಟವಿಡಬಾರದೆಂದು ಯಾವ ಶರಣರೂ ಹೇಳಿಲ್ಲ. ಹಿರಿಯರ ಮೇಲಿನ ಗೌರವದಿಂದ ಸ್ನಾನ ಮಾಡುವವರು ಮಾಡಲಿ, ಶಾಸನಕಾಲದವರಂತೆ ದಾನ ಮಾಡುವವರು ಮಾಡಲಿ, ಅದಕ್ಕೆ ಅಡ್ಡಿಯಿಲ್ಲ. ಆ ದಾನವು ಚಂಗದೇವನ ಮಠಕ್ಕೆ ಬಿಟ್ಟ ದತ್ತಿಯಂತೆ ಕಲಿಯುವ ಮಕ್ಕಳಿಗೆ ತಲುಪಿದರೆ ಇನ್ನೂ ಲೇಸು.

ಮುಂದಿನ ಗ್ರಹಣಗಳ ಲೆಕ್ಕವನ್ನು ಕೇಳುವವರಿಗಾಗಿ ಎರಡು ಮಾತು. ೨೦೩೧ನೆಯ ಮೇ ೨೧ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣಗ್ರಹಣ ಕಾಣುವುದು. ಮಂಗಳೂರಿಗೆ ಅದು ಖಂಡಗ್ರಾಸ. ಬೇಕಲ, ಅಂಕೋಲೆಗಳನ್ನು ದಾಟಿದ ಹಳೆಯ ನೆರಳು ಪ್ರತಿಸಲವೂ ಸ್ವಲ್ಪ ಸ್ವಲ್ಪ ಬಡಗಕ್ಕೆ ಸರಿಯುತ್ತ, ೧೯೮೦ರಿಂದ ೫೪ ವರ್ಷ ಕಳೆದು, ೨೦೩೪ನೆಯ ಮಾರ್ಚ್ ೨೦ರಂದು ಕಾಶ್ಮೀರದ ಹಿಮಗಿರಿಗಳ ಮೇಲೆ ಹಾದುಹೋಗುವುದು.